ಅಂತರಿಕ್ಷ ನೌಕೆಯಲ್ಲಿ ಶಂಖನಾದ

ರಿಡ್ಲಿ ಸ್ಕಾಟ್ ನಿರ್ದೇಶನದ ‘ಏಲಿಯನ್’ (1979) ಎರಡು ಗಂಟೆಗೆ ತುಸು ಕಡಿಮೆ ಅವಧಿಯ ಚಿತ್ರ. ಅಂತರಿಕ್ಷ ನೌಕೆಯೊಂದನ್ನು ಹೊಕ್ಕ ಅನ್ಯಗ್ರಹದ ಜೀವಿ ಬೆಳೆದು ನಿಂತ ರೂಪದಲ್ಲಿ ಪರದೆಯ ಮೇಲೆ ಕಾಣಿಸುವುದು ಕೆಲವೇ ನಿಮಿಷ, ಅದೂ ದ್ವಿತೀಯಾರ್ಧದಲ್ಲಿ. ಆದರೆ ಭಯ ಮಾತ್ರ ಹೆಸರುಗಳು ಮೂಡುವಾಗಲೇ ಶುರುವಾಗಿರುತ್ತದೆ. ಅದನ್ನು ಹುಟ್ಟಿಸುವುದರಲ್ಲಿ ದೊಡ್ಡ ಪಾಲು ಜೆರ್ರಿ ಗೋಲ್ಡ್‌ಸ್ಮಿತ್ ಅವರ ಸಂಗೀತದ್ದು.

ಗೋಲ್ಡ್‌ಸ್ಮಿತ್ ದೊಡ್ಡ ವಾದ್ಯವೃಂದದ ನಡುವೆ ಮೂರು ಅಪರೂಪದ ವಾದ್ಯಗಳನ್ನು ಸೇರಿಸಿದರು: ಆಸ್ಟ್ರೇಲಿಯಾದ ಮೂಲನಿವಾಸಿಗಳ ಡಿಡ್ಜರಿಡೂ, ಹಾವಿನಂತೆ ಸುತ್ತಿಕೊಂಡ ಹಳೆಯ ಯುರೋಪಿನ ಸರ್ಪೆಂಟ್ ಮತ್ತು ಶಂಖ. ಹೌದು, ನಮ್ಮ ಗುಡಿಗಳಲ್ಲಿ ಮಂಗಳಾರತಿಗೆ ಊದುವ ಶಂಖವೇ. ಇಂಥ ವಾದ್ಯಗಳೇ ಏಕೆ? ಮಿದುಳು ಯಾವುದೇ ಸದ್ದು ಕೇಳಿದ ಕೂಡಲೇ ಅದು ಎಲ್ಲಿಂದ, ಯಾವುದರಿಂದ ಬಂತೆಂದು ಹುಡುಕುತ್ತದೆ. ಪಿಟೀಲು ಎಂದು ಗುರುತಾದರೆ ಅಲ್ಲಿಗೆ ನಿಶ್ಚಿಂತೆ. ಗಾಳಿಯೋ, ಯಂತ್ರವೋ, ಪ್ರಾಣಿಯ ಉಸಿರೋ ಗೊತ್ತಾಗದಿದ್ದರೆ ಹುಡುಕಾಟ ನಿಲ್ಲುವುದಿಲ್ಲ. ಸಾಲದ್ದಕ್ಕೆ ಗೋಲ್ಡ್‌ಸ್ಮಿತ್ ಈ ವಾದ್ಯಗಳ ನಾದವನ್ನು ಎಕೋಪ್ಲೆಕ್ಸ್ ಎಂಬ ಟೇಪ್ ಯಂತ್ರಕ್ಕೆ ಹಾಯಿಸಿದರು. ಒಂದೇ ಸ್ವರ ಮತ್ತೆ ಮತ್ತೆ ಮರುದನಿಸುತ್ತಾ ಕ್ಷೀಣಿಸುತ್ತದೆ. ಪ್ರತಿಧ್ವನಿಯಿಂದಲೇ ಜಾಗದ ಅಳತೆ ಹಿಡಿಯುವ ಕಿವಿಗೆ, ನೌಕೆಯ ಇಕ್ಕಟ್ಟಾದ ಓಣಿಗಳ ಆಚೆ ಕೊನೆಯಿಲ್ಲದ ಬಯಲಿದೆ ಎನ್ನಿಸುತ್ತದೆ.

ಇನ್ನೊಂದು ಉಪಾಯ ಅಪಸ್ವರ. ಮನೆಯಲ್ಲಿ ಹಾರ್ಮೋನಿಯಂ ಇದ್ದರೆ ಅಕ್ಕಪಕ್ಕದ ಒಂದು ಬಿಳಿ, ಒಂದು ಕಪ್ಪು ಕೀಯನ್ನು ಒಟ್ಟಿಗೆ ಒತ್ತಿ ನೋಡಿ. ಒಂದರ ಕಂಪನ ಸೆಕೆಂಡಿಗೆ 440, ಮತ್ತೊಂದರದು 466 ಆದರೆ, ಎರಡೂ ಸೇರಿದ ನಾದ ಸೆಕೆಂಡಿಗೆ 26 ಬಾರಿ ಉಬ್ಬಿ ತಗ್ಗುತ್ತದೆ. ಒಂದು ಸ್ಥಾಯಿ ಮೇಲೇರಿದರೆ 52 ಬಾರಿ. ಕಿವಿಗೆ ಅದು ಎರಡು ಸ್ವರವಾಗಿ ಕೇಳದೆ ಗರಗಸದಂತೆ ಒರಟಾಗಿ ಕೇಳುತ್ತದೆ. ಮನುಷ್ಯರ ಕಿರುಚಾಟವನ್ನು ಪರೀಕ್ಷಿಸಿದ ಲ್ಯೂಕ್ ಆರ್ನಾಲ್ ಮತ್ತು ಸಂಗಡಿಗರು 2015ರಲ್ಲಿ ಇದೇ ಗುಣವನ್ನು ಕಂಡರು. ಮಾಮೂಲಿ ಮಾತಿನ ಏರಿಳಿತ ಸೆಕೆಂಡಿಗೆ ನಾಲ್ಕೈದು ಬಾರಿಯಷ್ಟೇ. ಚೀತ್ಕಾರದ್ದು 30ರಿಂದ 150ರವರೆಗೆ. ಅಂಥ ಒರಟು ಸದ್ದಿಗೆ ಮಿದುಳಿನಲ್ಲಿ ಭಯಕ್ಕೆ ಸಂಬಂಧಿಸಿದ ಅಮಿಗ್ಡಲಾ ಹೆಚ್ಚು ಸ್ಪಂದಿಸುತ್ತದೆ. ಪಿಟೀಲುಗಳ ದೊಡ್ಡ ಗುಂಪು ಒತ್ತೊತ್ತಿನ ಸ್ವರಗಳನ್ನು ಎಳೆದಾಗ ನಮ್ಮ ಮೈ ಜುಮ್ಮೆನ್ನಲು ಇದೂ ಒಂದು ಕಾರಣ.

ಇಷ್ಟೆಲ್ಲ ಸರಂಜಾಮು ಇದ್ದೂ, ಚಿತ್ರದ ಅತಿ ಕುಖ್ಯಾತ ದೃಶ್ಯಕ್ಕೆ ಸಂಗೀತವೇ ಇಲ್ಲ. ಸಿಬ್ಬಂದಿ ಊಟಕ್ಕೆ ಕೂತಿದ್ದಾರೆ. ತಟ್ಟೆ ಚಮಚಗಳ ಸದ್ದು, ತಮಾಷೆ, ನಗು. ಒಬ್ಬನಿಗೆ ಕೆಮ್ಮು ಬರುತ್ತದೆ. ಆಮೇಲಿನದ್ದನ್ನು ಹೇಳುವುದಿಲ್ಲ, ನೋಡದವರು ಇನ್ನೂ ಇರಬಹುದು. ಒಂದೇ ಒಂದು ತಂತಿ ಮಿಡಿದಿದ್ದರೂ ‘ಈಗ ಏನೋ ಆಗುತ್ತದೆ’ ಎಂದು ನಾವು ಎಚ್ಚರಗೊಳ್ಳುತ್ತಿದ್ದೆವು. ಆತಂಕದಲ್ಲಿರುವ ಪ್ರಾಣಿ ದಿಢೀರ್ ಸದ್ದಿಗೆ ಮಾಮೂಲಿಗಿಂತ ಜೋರಾಗಿ ಬೆಚ್ಚುತ್ತದೆ ಎಂಬುದು ಪ್ರಯೋಗಾಲಯಗಳಲ್ಲಿ ದೃಢಪಟ್ಟ ಸಂಗತಿ. ಸಂಗೀತ ಆ ಆತಂಕವನ್ನು ಮೊದಲೇ ತುಂಬಿಟ್ಟು, ಹೊಡೆತ ಬೀಳುವ ವೇಳೆಯನ್ನು ಮಾತ್ರ ಬಾಯಿಬಿಡದೆ ಜಾರಿಕೊಳ್ಳುತ್ತದೆ. ಅಗ್ಗದ ಭೂತದ ಚಿತ್ರಗಳು ಸೋಲುವುದು ಇಲ್ಲೇ. ಬಾಗಿಲು ತೆರೆಯುವ ಮುಂಚೆಯೇ ಡೋಲು ಬಾರಿಸಿ ಗುಟ್ಟು ರಟ್ಟು ಮಾಡುತ್ತವೆ.

ಗೋಲ್ಡ್‌ಸ್ಮಿತ್‌ಗೆ ಮಾತ್ರ ಈ ಚಿತ್ರ ಕಹಿಯಾಗಿತ್ತು. ಅವರು ಆರಂಭಕ್ಕೆ ಬರೆದದ್ದು ಅಂತರಿಕ್ಷದ ಸೊಬಗನ್ನು ಸಾರುವ ಮಧುರ ರಾಗ. ಸ್ಕಾಟ್ ಒಪ್ಪದ್ದರಿಂದ ಈಗಿನ ಅಳುಕು ಹುಟ್ಟಿಸುವ ರೂಪ ಬಂತು. ಸಂಕಲನದ ವೇಳೆ ತಾತ್ಕಾಲಿಕವಾಗಿ ಜೋಡಿಸಿದ್ದ, ‘ಫ್ರಾಯ್ಡ್’ (1962) ಚಿತ್ರಕ್ಕೆ ಅವರೇ ಬರೆದಿದ್ದ ತುಣುಕುಗಳೂ ಹಾಗೇ ಉಳಿದವು. ಕೊನೆಯಲ್ಲಿ ಅವರ ರಚನೆಯ ಬದಲು ಹೋವರ್ಡ್ ಹ್ಯಾನ್ಸನ್ ಅವರ ಎರಡನೇ ಸಿಂಫನಿ ಕೇಳುತ್ತದೆ. ಪೂರ್ಣ ಮೂಲಕೃತಿ 2007ರಲ್ಲಿ ಸಿ.ಡಿ.ಯಾಗಿ ಹೊರಬಂದಿದೆ. ಚಿತ್ರದಲ್ಲಿರುವುದನ್ನೂ ಈ ಮೂಲವನ್ನೂ ಕೇಳಿದ ನನ್ನ ತೀರ್ಪು ಇಷ್ಟು: ಆರಂಭದ ವಿಷಯದಲ್ಲಿ ನಿರ್ದೇಶಕರು ಹೇಳಿದ್ದೇ ಸರಿ, ಕೊನೆಯದರಲ್ಲಿ ಗೋಲ್ಡ್‌ಸ್ಮಿತ್‌ಗೆ ಅನ್ಯಾಯವಾಗಿದೆ.