ಹಿಟ್ಲರನ ಜರ್ಮನಿ ದೂಡಿದ ವಿಜ್ಞಾನಿಗೆ ಬೆಂಗಳೂರಿನ ಕರೆ

ನಿಮಗಿದು ಗೊತ್ತೆ? ಕ್ವಾಂಟಮ್ ಭೌತವಿಜ್ಞಾನಕ್ಕೆ ಅಡಿಪಾಯ ಹಾಕಿದವರಲ್ಲಿ ಒಬ್ಬರಾದ ಮ್ಯಾಕ್ಸ್ ಬಾರ್ನ್ ಬೆಂಗಳೂರಿನಲ್ಲಿ ಪಾಠ ಹೇಳಿದ್ದರು. ಯಹೂದಿ ಮೂಲದವರೆಂಬ ಕಾರಣಕ್ಕೆ 1933ರಲ್ಲಿ ನಾಜಿ ಸರ್ಕಾರ ಅವರನ್ನು ಗಾಟಿಂಗೆನ್ ವಿಶ್ವವಿದ್ಯಾಲಯದಿಂದ ಹೊರಹಾಕಿತು. ಕಾಯಂ ಹುದ್ದೆಯಿಲ್ಲದೆ ಕೇಂಬ್ರಿಜ್‌ನಲ್ಲಿದ್ದ ಅವರನ್ನು ಸಿ.ವಿ. ರಾಮನ್ ಭಾರತೀಯ ವಿಜ್ಞಾನ ಸಂಸ್ಥೆಗೆ ಕರೆಸಿಕೊಂಡರು. 1935-36ರಲ್ಲಿ ಸುಮಾರು ಆರು ತಿಂಗಳು ಬಾರ್ನ್ ತಮ್ಮ ಪತ್ನಿ ಹೆಡ್ವಿಗ್ ಜೊತೆ ಇಲ್ಲಿದ್ದರು. ಕಾಯಂ ಹುದ್ದೆ ಕೊಡಿಸಲು ರಾಮನ್ ಪಟ್ಟು ಹಿಡಿದರೂ ಸಂಸ್ಥೆಯೊಳಗಿನ ವಿರೋಧದಿಂದ ಅದು ಕೈಗೂಡಲಿಲ್ಲ. ನಮ್ಮ ನಾಡಿಗಾದ ದೊಡ್ಡ ನಷ್ಟವಿದು. ಬಾರ್ನ್ ಎಡಿನ್‌ಬರೋಗೆ ಹೋದರು. 1954ರಲ್ಲಿ ನೊಬೆಲ್ ಪಡೆದರು.

ಬಾರ್ನ್ ಅವರ ಸೋದರಳಿಯ, ಜರ್ಮನಿ ತೊರೆದಿದ್ದ ಆಟೊ ಕೋನಿಗ್ಸ್‌ಬರ್ಗರ್ ಅವರಿಗೆ ಮೈಸೂರು ಸಂಸ್ಥಾನ 1939ರಲ್ಲಿ ಮುಖ್ಯ ವಾಸ್ತುಶಿಲ್ಪಿಯ ಹುದ್ದೆ ಕೊಟ್ಟಿತು. ಅವರು ವಿನ್ಯಾಸ ಮಾಡಿದ ಕಟ್ಟಡಗಳು ವಿಜ್ಞಾನ ಸಂಸ್ಥೆಯ ಆವರಣದಲ್ಲಿವೆ.