ನಡುವೆ ಮಾಲೀಕನಿಲ್ಲದ ಜಾಲ

ಆಟೊ ಕರೆಯುವ ಕೆಲಸ ಮೊಬೈಲಿಗೆ ಬಂದ ಮೇಲೆ ಪ್ರಯಾಣಿಕ ಮತ್ತು ಚಾಲಕರ ನಡುವೆ ಮೂರನೆಯ ಕೈಯೊಂದು ಸೇರಿಕೊಂಡಿತು. ಯಾರಿಗೆ ಯಾವ ಆಟೊ, ಎಷ್ಟು ಬಾಡಿಗೆ, ಅದರಲ್ಲಿ ಕಮಿಷನ್ ಎಷ್ಟು ಎಂಬುದೆಲ್ಲ ಕಂಪನಿಯೊಂದರ ಸರ್ವರ್‌ನಲ್ಲೇ ತೀರ್ಮಾನವಾಗತೊಡಗಿತು. ಇದಕ್ಕೆ ಪರ್ಯಾಯವಾಗಿ 2022ರ ನವೆಂಬರ್‌ನಲ್ಲಿ ಬೆಂಗಳೂರಿನ ಆಟೊ ಚಾಲಕರ ಸಂಘಟನೆ ಎಆರ್‌ಡಿಯು ಮತ್ತು ಜಸ್‌ಪೇ ಸಂಸ್ಥೆ ಸೇರಿ 'ನಮ್ಮ ಯಾತ್ರಿ'ಯನ್ನು ತಂದವು. ಬಾಡಿಗೆ ನೇರವಾಗಿ ಚಾಲಕನ ಕೈಸೇರುತ್ತದೆ, ಕಮಿಷನ್ ಇಲ್ಲ. ಆ್ಯಪ್‌ನ ಮೂಲಸಂಕೇತವೂ ಎಲ್ಲರಿಗೂ ತೆರೆದಿದೆ.

ಇದರ ತಳಹದಿ ಬೆಕ್ನ್ ಎಂಬ ಮುಕ್ತ ಶಿಷ್ಟಾಚಾರ. ಶಿಷ್ಟಾಚಾರವೆಂದರೆ ಬೇರೆ ಬೇರೆ ಗಣಕಗಳು ಮಾತನಾಡಲು ಒಪ್ಪಿಕೊಂಡ ನಿಯಮಗಳ ಕಟ್ಟು; ಅದು ಆ್ಯಪ್ ಅಲ್ಲ, ಕಂಪನಿಯೂ ಅಲ್ಲ. 1982ರಲ್ಲಿ ರೂಪುಗೊಂಡ ಇಮೇಲ್ ಶಿಷ್ಟಾಚಾರದಿಂದಾಗಿ ಒಂದು ಸಂಸ್ಥೆಯ ಅಂಚೆಪೆಟ್ಟಿಗೆಯಿಂದ ಇನ್ನೊಂದು ಸಂಸ್ಥೆಯದಕ್ಕೆ ಇಂದಿಗೂ ಪತ್ರ ಹೋಗುತ್ತದೆ. ಬೆಕ್ನ್ ಅದೇ ಸ್ವಾತಂತ್ರ್ಯವನ್ನು ವ್ಯವಹಾರಕ್ಕೆ ತರುತ್ತದೆ.

ಮೆಜೆಸ್ಟಿಕ್‌ನಿಂದ ಜಯನಗರಕ್ಕೆ ಆಟೊ ಬೇಕೆಂಬ ಕೋರಿಕೆ ಹೊರಟಿತೆನ್ನೋಣ. ಪ್ರಯಾಣಿಕನ ಆ್ಯಪ್ ಅದನ್ನು ಹೆಬ್ಬಾಗಿಲು ಗಣಕಕ್ಕೆ ಕಳಿಸುತ್ತದೆ. ಆ ಗಣಕ ಅದನ್ನು ಆ ಊರಿನಲ್ಲಿ ಸೇವೆ ಒದಗಿಸುವ ಎಲ್ಲ ವೇದಿಕೆಗಳಿಗೂ ಹಂಚುತ್ತದೆ. ಪ್ರತಿ ಸಂದೇಶದ ಮೇಲೂ ಗೂಢಲಿಪಿಯ ಅಂಕಿತವಿರುತ್ತದೆ; ಜಾಲದ ಸದಸ್ಯರ ನೋಂದಣಿ ಪಟ್ಟಿಯಲ್ಲಿರುವ ಸಾರ್ವಜನಿಕ ಕೀಲಿಯೊಂದಿಗೆ ಅದನ್ನು ತಾಳೆ ನೋಡಿದರೆ ಕಳಿಸಿದವರು ಯಾರೆಂಬುದು ಖಚಿತವಾಗುತ್ತದೆ. ಹುಡುಕಾಟ ಮುಗಿದ ಮೇಲೆ ಹೆಬ್ಬಾಗಿಲಿನ ಕೆಲಸವೂ ಮುಗಿಯಿತು. ಆಯ್ಕೆ, ದೃಢೀಕರಣ, ವಾಹನದ ಜಾಡು ಇವೆಲ್ಲ ಎರಡೂ ಕಡೆಯ ಆ್ಯಪ್‌ಗಳ ನಡುವೆ ನೇರವಾಗಿ ಸಾಗುತ್ತವೆ.

ದೊಡ್ಡ ವೇದಿಕೆಗಳ ಬಲವೆಲ್ಲ ಇರುವುದು ಹುಡುಕಿಕೊಡುವ ಕೆಲಸ ಮತ್ತು ವ್ಯವಹಾರ ನಡೆಸುವ ಕೆಲಸ ಎರಡೂ ಒಂದೇ ಕೈಯಲ್ಲಿರುವುದರಲ್ಲಿ. ಚಾಲಕರು ಹೆಚ್ಚಾದಷ್ಟೂ ಪ್ರಯಾಣಿಕರು ಬರುತ್ತಾರೆ, ಪ್ರಯಾಣಿಕರಿದ್ದಲ್ಲಿಗೇ ಚಾಲಕರೂ ಸೇರುತ್ತಾರೆ. ಹೀಗಾಗಿ ಒಮ್ಮೆ ಬೆಳೆದ ವೇದಿಕೆಯನ್ನು ಬಿಟ್ಟುಹೋಗುವುದು ಇಬ್ಬರಿಗೂ ಕಷ್ಟ. ಮುಕ್ತ ಶಿಷ್ಟಾಚಾರ ಆ ಎರಡು ಕೆಲಸಗಳನ್ನು ಬೇರ್ಪಡಿಸಿದಾಗ ಆ್ಯಪ್ ಬದಲಿಸಿದರೂ ಜಾಲ ಕೈತಪ್ಪುವುದಿಲ್ಲ.

ಇದರ ಮಹತ್ವ ರಾಜಧಾನಿಗಿಂತ ಸಣ್ಣ ಊರುಗಳಲ್ಲಿ ಹೆಚ್ಚು. ಕಲಬುರಗಿ ಜಿಲ್ಲೆಯ ಚಿಂಚೋಳಿಯ ಚಂದಾಪುರವಾಗಲಿ, ಸೇಡಂ, ಶಹಾಬಾದ್‌ಗಳಾಗಲಿ, ಅಲ್ಲಿನ ಚಾಲಕರ ಸಂಘವೊಂದು ಇದೇ ನಿಯಮ ಪಾಲಿಸುವ ಸ್ವಂತ ಗಣಕವನ್ನು ನಡೆಸಬಲ್ಲದಾದರೆ, ಕಂಪನಿಯೊಂದು ಲಾಭದ ಲೆಕ್ಕ ಹಾಕಿ ತಮ್ಮ ಊರಿಗೆ ಬರಲೆಂದು ಅವರು ಕಾಯಬೇಕಿಲ್ಲ. ವಾಡಿ ಜಂಕ್ಷನ್‌ನಲ್ಲಿ ರೈಲಿಳಿದ ಬೆಂಗಳೂರಿಗನ ಆ್ಯಪ್‌ಗೂ ಚಿತ್ತಾಪುರದ ಆಟೊ ಸಿಗಬಹುದು. ಬೆಕ್ನ್ ಆಧಾರಿತ ಒಎನ್‌ಡಿಸಿ ಜಾಲದಲ್ಲಿ ಸರಕಿನ ಮಾರಾಟವೂ ನಡೆಯುತ್ತದೆ. 2019ರಲ್ಲಿ ಭೌಗೋಳಿಕ ಸೂಚ್ಯಂಕ ಪಡೆದ ಕಲಬುರಗಿ ತೊಗರಿಬೇಳೆಗೂ ಆ ದಾರಿ ತೆರೆದಿದೆ.

ಆದರೆ ಶಿಷ್ಟಾಚಾರವೊಂದೇ ಸಾಲದು. ನೋಂದಣಿ ಪಟ್ಟಿ ಯಾರ ವಶದಲ್ಲಿದೆಯೋ ಅವರೇ ಹೊಸ ಕೇಂದ್ರವಾಗಬಲ್ಲರು. ಹಲವು ಆ್ಯಪ್‌ಗಳು ಕೂಡಿ ನಡೆಸಿದ ವ್ಯವಹಾರದಲ್ಲಿ ತಪ್ಪಾದಾಗ ದೂರಿಗೆ ಉತ್ತರಿಸುವವರು ಯಾರೆಂಬುದೂ ಮೊದಲೇ ಸ್ಪಷ್ಟವಿರಬೇಕು. ವಿಕೇಂದ್ರೀಕರಣ ಒಮ್ಮೆ ಕಟ್ಟಿ ಮುಗಿಸುವ ಯಂತ್ರವಲ್ಲ. ನಿಯಮಗಳನ್ನು ಬರೆಯುವ ಮೇಜಿನಲ್ಲಿ ಚಾಲಕನಿಗೂ ಬೆಳೆಗಾರನಿಗೂ ಜಾಗವಿದ್ದಾಗ ಮಾತ್ರ ಜಾಲ ನಿಜಕ್ಕೂ ಎಲ್ಲರದಾಗುತ್ತದೆ.