ಆದಾಯ ತೆರಿಗೆಯಲ್ಲಿ ಅವಲಂಬಿತರು ಯಾರು?

ಒಂದು ಸಂಸಾರದಲ್ಲಿ ದುಡಿಯುವವರು ಒಬ್ಬಿಬ್ಬರಾದರೆ, ಅವರನ್ನು ನೆಚ್ಚಿ ಬಾಳುವವರು ಹಲವರು. ಇಂತಹ ಹೊಣೆ ಹೊತ್ತವರಿಗೆ ಆದಾಯ ತೆರಿಗೆಯ ಕಾನೂನು ಕೆಲವು ರಿಯಾಯಿತಿಗಳನ್ನು ನೀಡಿದೆ. ಅವುಗಳ ಅರಿವಿಲ್ಲದೆ ಎಷ್ಟೋ ದಂಪತಿಗಳು ನ್ಯಾಯವಾಗಿ ದೊರೆಯಬೇಕಾದುದನ್ನು ಕಳೆದುಕೊಳ್ಳುತ್ತಾರೆ.

ಬೇಸಾಯದ ಆದಾಯಕ್ಕೆ ಈ ತೆರಿಗೆ ಇಲ್ಲ. ಜಮೀನಿನ ಜೊತೆಗೆ ಸಂಬಳ ಅಥವಾ ವ್ಯಾಪಾರದ ವರಮಾನವುಳ್ಳ ಕುಟುಂಬಗಳು ಇದನ್ನು ತಿಳಿದಿರುವುದು ಅವಶ್ಯಕ.

ಮನೆಯಲ್ಲಿ ಹೆಚ್ಚು ಜನರಿದ್ದಾರೆ ಎಂದ ಮಾತ್ರಕ್ಕೆ ತೆರಿಗೆ ಇಳಿಯುವುದಿಲ್ಲ. ಮಕ್ಕಳ ಬೋಧನಾ ಶುಲ್ಕದ ರಿಯಾಯಿತಿಯೂ ಒಬ್ಬ ತೆರಿಗೆದಾರರಿಗೆ ಇಬ್ಬರು ಮಕ್ಕಳ ಮಟ್ಟಿಗೆ ಮಾತ್ರ.

ಆರೋಗ್ಯ ವಿಮೆ: ತನಗೆ, ಪತಿ ಅಥವಾ ಪತ್ನಿಗೆ ಮತ್ತು ಅವಲಂಬಿತ ಮಕ್ಕಳಿಗೆ ಕಟ್ಟಿದ ವಿಮಾ ಕಂತಿನಲ್ಲಿ ವರ್ಷಕ್ಕೆ 25,000 ರೂಪಾಯಿಗಳವರೆಗೆ ಆದಾಯದಿಂದ ಕಳೆಯಬಹುದು. ತಂದೆತಾಯಿಗಳಿಗೆ ಕಟ್ಟಿದ ಕಂತಿಗೆ ಪ್ರತ್ಯೇಕವಾಗಿ 25,000 ರೂಪಾಯಿ. ಅವರಿಗೆ 60 ವರ್ಷ ತುಂಬಿದ್ದರೆ 50,000 ರೂಪಾಯಿ. ತಂದೆತಾಯಿಗಳು ಅವಲಂಬಿತರಾಗಿರಲೇಬೇಕೆಂಬ ನಿಯಮವಿಲ್ಲ. ಅತ್ತೆಮಾವಂದಿರು ಇದರಲ್ಲಿ ಸೇರುವುದಿಲ್ಲ. ಆದರೆ ಪತ್ನಿಯು ತನ್ನ ಸ್ವಂತ ಆದಾಯದಿಂದ ತನ್ನ ತಂದೆತಾಯಿಗಳಿಗೆ ಕಂತು ಕಟ್ಟಿದರೆ ತನ್ನ ಲೆಕ್ಕದಲ್ಲಿ ಅದನ್ನು ತೋರಿಸಬಹುದು. ಕಂತನ್ನು ನಗದಾಗಿ ಕಟ್ಟಿದರೆ ರಿಯಾಯಿತಿ ದೊರೆಯದು.

ಅಂಗವೈಕಲ್ಯವುಳ್ಳವರ ಪೋಷಣೆ: ಇಲ್ಲಿ ಅವಲಂಬಿತರೆಂದರೆ ಪತಿ ಅಥವಾ ಪತ್ನಿ, ಮಕ್ಕಳು, ತಂದೆತಾಯಿಗಳು, ಸಹೋದರ ಸಹೋದರಿಯರು. ಇವರು ತಮ್ಮ ಜೀವನಕ್ಕೆ ಪೂರ್ಣವಾಗಿ ಅಥವಾ ಮುಖ್ಯವಾಗಿ ತೆರಿಗೆದಾರರನ್ನೇ ಅವಲಂಬಿಸಿರಬೇಕು. ವೈಕಲ್ಯ ಶೇಕಡ 40ಕ್ಕೆ ಕಡಿಮೆಯಿಲ್ಲದಿದ್ದರೆ 75,000 ರೂಪಾಯಿ, ಶೇಕಡ 80 ಅಥವಾ ಅದಕ್ಕೂ ಹೆಚ್ಚಿದ್ದರೆ 1,25,000 ರೂಪಾಯಿ ಆದಾಯದಿಂದ ಕಳೆಯಲ್ಪಡುತ್ತದೆ. ಚಿಕಿತ್ಸೆ, ತರಬೇತಿ ಅಥವಾ ಪುನರ್ವಸತಿಗೆ ಖರ್ಚು ಮಾಡಿರಬೇಕು. ಆದರೆ ಖರ್ಚು ಇದಕ್ಕಿಂತ ಕಡಿಮೆಯಾದರೂ ಕಡಿತದ ಮೊತ್ತ ಅಷ್ಟೇ. ವೈದ್ಯಾಧಿಕಾರಿಗಳ ಪ್ರಮಾಣಪತ್ರ ಅಗತ್ಯ. ಆ ವ್ಯಕ್ತಿಯೇ ತನ್ನ ಲೆಕ್ಕದಲ್ಲಿ ವೈಕಲ್ಯದ ರಿಯಾಯಿತಿ ಪಡೆದಿದ್ದರೆ ಪೋಷಕರಿಗೆ ಅದು ದೊರೆಯದು.

ಉದಾಹರಣೆಗೆ, ಶಿಕ್ಷಕರೊಬ್ಬರು ದುಡಿಮೆಯಿಲ್ಲದ, ಕಾಲು ಸ್ವಾಧೀನವಿಲ್ಲದ ತಂಗಿಯನ್ನು ಸಾಕುತ್ತಿದ್ದಾರೆ ಎಂದುಕೊಳ್ಳೋಣ. ತಂಗಿಯ ವಿಮಾ ಕಂತಿಗೆ ಅವರಿಗೆ ರಿಯಾಯಿತಿ ಇಲ್ಲ. ಆದರೆ ಆಕೆಯ ವೈಕಲ್ಯದ ನಿಮಿತ್ತ ರಿಯಾಯಿತಿ ಉಂಟು.

ಇವೆಲ್ಲವೂ ಹಳೆಯ ತೆರಿಗೆ ಪದ್ಧತಿಯನ್ನು ಆರಿಸಿಕೊಂಡವರಿಗೆ ಮಾತ್ರ. 2023-24ನೇ ಸಾಲಿನಿಂದ, ಬೇರೆ ಆಯ್ಕೆ ಮಾಡದವರಿಗೆ ಹೊಸ ಪದ್ಧತಿಯೇ ಅನ್ವಯಿಸುತ್ತದೆ. ಅದರಲ್ಲಿ ದರಗಳು ಕಡಿಮೆಯಾದರೂ ಈ ಕಡಿತಗಳಿಲ್ಲ. ಆದುದರಿಂದ ಪತಿಪತ್ನಿಯರು ಜೊತೆಗೆ ಕುಳಿತು ಎರಡೂ ವಿಧದಲ್ಲಿ ಲೆಕ್ಕ ಹಾಕಿ ಲಾಭದಾಯಕವಾದುದನ್ನು ಆರಿಸಿಕೊಳ್ಳಬೇಕು. ವಿಮೆಯ ರಸೀದಿಗಳನ್ನೂ ವೈದ್ಯರ ಪ್ರಮಾಣಪತ್ರವನ್ನೂ ಜೋಪಾನವಾಗಿ ಇಟ್ಟುಕೊಳ್ಳಿರಿ.